ಒಂಬತ್ತು ಸಲ ಮೂರ್ಛೆ ಹೋದ ರಾಜಕುಮಾರಿ

ಮೂವತ್ತರ ದಶಕದಲ್ಲಿ, ಹುಡುಗಿಯರಿಗೆಂದು ಬರೆದ ನನ್ನ ಕಾದಂಬರಿಯನ್ನು ನಾನೇ ಹೊತ್ತು ಮಾರುತ್ತಿದ್ದೆ. ಸಿದ್ದಾಪುರದಲ್ಲಿ ಹಿಂದಿನ ವಾರ ಅದನ್ನು ಕೊಂಡಿದ್ದ ಮನೆಗೆ ಮತ್ತೆ ಹೋದಾಗ, ಹದಿಮೂರರ ಗೋದಾವರಿ ಪುಸ್ತಕ ಹಿಡಿದೇ ಹೊರಬಂದಳು.

"ಈ ರಾಜಕುಮಾರಿ ಒಂಬತ್ತು ಸಲ ಮೂರ್ಛೆ ಹೋಗ್ತು. ಅದಕ್ಕೆ ಎಂತ ಕಾಯಿಲೆ?"

"ಕಾಯಿಲೆಯಲ್ಲ ತಂಗಿ, ಕೋಮಲ ಸ್ವಭಾವ," ಎಂದೆ.

"ಸ್ವಭಾವ ಅಲ್ಲ, ಹಸಿವು!" ಒಳಗಿನಿಂದ ಅವಳ ಅಜ್ಜಿ ಕೂಗಿದರು. "ಆನೂ ಮೊಮ್ಮಗಳ ಹತ್ರ ಓದಿಸಿ ಕೇಳಿದ್ದಿ. ಇಡೀ ಪುಸ್ತಕದಲ್ಲಿ ಆ ಕೂಸು ಒಂದು ತುತ್ತೂ ತಿಂದಿದ್ದಿಲ್ಲೆ."

ಯೋಚಿಸಿದೆ. ನಿಜ. ರಾಜಕುಮಾರ ನಾಲ್ಕು ಔತಣ ಉಂಡಿದ್ದ. ಅವಳಿಗೆ ನಾನು ಕೊಟ್ಟಿದ್ದು ಮುಖಕ್ಕೆ ಚಿಮುಕಿಸಿದ ನೀರು ಮಾತ್ರ.

ನಾಚಿಕೆಯಾಗಿ, ಮರುಮುದ್ರಣದಲ್ಲಿ ಅವಳಿಗೆ ಆರು ದೋಸೆ ಬಡಿಸಿದೆ. ಅಚ್ಚುಕೂಟದ ಯಜಮಾನರು ಕಾಗದ ಬರೆದರು: "ನಾಯಕಿಗೆ ಎರಡು ಸಾಕು. ಉಳಿದ ನಾಲ್ಕನ್ನು ರಾಜಕುಮಾರನಿಗೆ ಹಾಕಿದ್ದೇನೆ."