ಖಾರದ ಕೈಗಳು

ನಿನ್ನೆ ಸಂಜೆ ಬ್ಯಾಡಗಿಯಿಂದ ಹಾವೇರಿಗೆ ಬರುವ ಬಸ್ಸಿನಲ್ಲಿ ಮೆಣಸಿನಕಾಯಿಯ ಘಾಟು ಮೂಗಿಗೆ ಬಡಿಯಿತು. ಹಿಂದೆ ನಿಂತಿದ್ದ ಕೂಲಿ ಹೆಣ್ಣುಮಕ್ಕಳ ಸೀರೆಯಿಂದ ಬಂದದ್ದು. ನನ್ನ ಪಕ್ಕದವನು ಮುಖ ಸಿಂಡರಿಸಿ ಮೂಗು ಮುಚ್ಚಿಕೊಂಡ. ನನಗೆ ನಮ್ಮ ಓಣಿಯ ಖಾಲಾ ನೆನಪಾದಳು...

ಖಾಲಾ ಎಂದರೆ ಚಿಕ್ಕಮ್ಮ. ಉರ್ದು ಬಾರದ ನಾವೂ ಹಾಗೇ ಕರೆಯುತ್ತಿದ್ದೆವು. ಸುಗ್ಗಿಯಲ್ಲಿ ದಿನಾ ಬ್ಯಾಡಗಿಗೆ ಹೋಗಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ನಾನು ಅಲ್ಲಿ ಶಾಲೆಯ ಮಾಸ್ತರ. ಇಬ್ಬರಿಗೂ ಒಂದೇ ಬಸ್ಸು. ಸೀಟು ಖಾಲಿ ಇದ್ದರೂ ಅವಳು ಹಿಂದೆ ನಿಂತೇ ಬರುತ್ತಿದ್ದಳು. ಆ ಕೈಗಳ ಖಾರ ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಕಣ್ಣು ತುರಿಸಿದರೆ ಮೊಣಕೈಯಿಂದಲೇ ಒರೆಸಿಕೊಳ್ಳುತ್ತಿದ್ದಳು.

ಒಂದು ಸಂಜೆ ಹೆದ್ದಾರಿಯಲ್ಲಿ ಬಸ್ಸು ನಿಂತಿತು. ಯಾವುದೋ ಲಾರಿ ಒಂದು ಬೈಕಿಗೆ ಗುದ್ದಿ ಹೋಗಿಬಿಟ್ಟಿತ್ತು. ಬೈಕಿನವನು ಅಂಗಾತ ಬಿದ್ದಿದ್ದ. ಬಾಯಿತುಂಬ ರಕ್ತ, ಉಸಿರೆಳೆದಾಗಲೆಲ್ಲ ಗೊರಗೊರ ಸದ್ದು. ಬಸ್ಸಿನವರೆಲ್ಲ ಇಳಿದು ಸುತ್ತ ನಿಂತೆವು. ಇಬ್ಬರು ವಿಡಿಯೋ ಮಾಡುತ್ತಿದ್ದರು. ಒಬ್ಬನಂತೂ ಶೇಂಗಾ ತಿನ್ನುತ್ತ ನೋಡುತ್ತಿದ್ದ, ಸಿಪ್ಪೆಯನ್ನು ಬಿದ್ದವನ ಕಾಲ ಬಳಿಯೇ ಉದುರಿಸುತ್ತಿದ್ದ. ಥೂ!

ಖಾಲಾ ಜನರನ್ನು ಸರಿಸಿ ಬಂದು ಅವನ ಪಕ್ಕ ಕೂತಳು. ಚಾಚಿದ ಕೈಗಳನ್ನು ಅರ್ಧಕ್ಕೇ ತಡೆದಳು.

“ನನ್ನ ಕೈ ಖಾರ ಅದಾವ್ರಿ, ಮುಟ್ಟಿದ್ರ ಗಾಯ ಉರೀತಾವ. ಯಾರರ ಇವನ ತಲಿ ಪಕ್ಕಕ್ಕ ಹೊಳ್ಳಸ್ರಿ, ರಕ್ತ ಗಂಟಲಾಗ ಹೊಂಟೈತಿ!”

“ಪೊಲೀಸ್ ಕೇಸ್ ಆಗತೈತಿ, ಯಾರೂ ಮುಟ್ಟಬ್ಯಾಡ್ರಿ,” ಎಂದ ಶೇಂಗಾ ತಿನ್ನುತ್ತಿದ್ದವನು.

ಅಷ್ಟರಲ್ಲಿ ಖಾಲಾ ನನ್ನನ್ನು ಕಂಡಳು. ಅವಳ ಮುಖದಲ್ಲಿ ಎಂಥ ಧೈರ್ಯ ಬಂತು! “ಮಾಸ್ತರ್ರ, ನಿಮ್ಮ ಕೈ ಸ್ವಚ್ಛ ಅದಾವಲ್ಲ, ಲಗೂ ಬರ್ರಿ!”

ಹೌದು, ನನ್ನ ಕೈಗಳು ಸ್ವಚ್ಛವಾಗಿಯೇ ಇದ್ದವು. ನಾನು ಜೇಬಿನಿಂದ ಮೊಬೈಲ್ ತೆಗೆದು ಕಿವಿಗಿಟ್ಟುಕೊಂಡೆ. “ತಡೀ ಖಾಲಾ, ಆಂಬುಲೆನ್ಸಿಗೆ ಫೋನ್ ಹಚ್ಚೇನಿ,” ಎಂದೆ. ಯಾರಿಗೂ ಹಚ್ಚಿರಲಿಲ್ಲ. ಹಲೋ ಹಲೋ ಎನ್ನುತ್ತ ನಾಲ್ಕು ಹೆಜ್ಜೆ ಹಿಂದೆ ಸರಿದೆ. ಅಂಗಿಗೆ ರಕ್ತ ಹತ್ತೀತು, ಠಾಣೆಗೆ ಅಲೆಯಬೇಕಾದೀತು, ಇಷ್ಟೇ ನನ್ನ ತಲೆಯಲ್ಲಿದ್ದದ್ದು. ಶೇಂಗಾ ತಿನ್ನುವವನಾದರೂ ನಾಟಕ ಆಡಲಿಲ್ಲ. ಇದನ್ನು ಬರೆಯುವಾಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಖಾಲಾ ಅಂಗೈಗಳನ್ನು ರಸ್ತೆಯ ಮಣ್ಣಿಗೆ ತಿಕ್ಕಿದಳು, ಸೀರೆಗೆ ಒರೆಸಿದಳು. ಆಮೇಲೆ ಅವನ ತಲೆಯನ್ನು ತಾನೇ ಪಕ್ಕಕ್ಕೆ ತಿರುಗಿಸಿ, ಬೆರಳು ಹಾಕಿ ಬಾಯೊಳಗಿನ ರಕ್ತ ತೆಗೆದಳು. ಅವನು ಉರಿಗೆ ಚೀರಿದ. ಆಗ ನೋಡಿ, ಅಲ್ಲಿಯವರೆಗೆ ಗಪ್‌ಚಿಪ್ ನಿಂತಿದ್ದ ಜನಕ್ಕೆ ಬಾಯಿ ಬಂತು. “ಏ ಮುದಿಕಿ, ಖಾರದ ಕೈಲೆ ಮುಟ್ಟತೀಯಲ್ಲ, ಬುದ್ಧಿ ಐತೇನ ನಿನಗ?”

ಅವಳು ತಿರುಗಿ ನೋಡಲಿಲ್ಲ. “ಆತಪ್ಪಾ, ಆತು... ಉರೀತೈತಿ, ಗೊತ್ತೈತಿ ನನಗ...” ಎನ್ನುತ್ತ ತಲೆ ಹಿಡಿದೇ ಇದ್ದಳು. ಅತ್ತ ಬಸ್ಸಿನ ಬಳಿಯಿಂದ ಕಂಡಕ್ಟರ್ ಫೋನ್ ಮಾಡಿದ್ದರಿಂದ ಆಂಬುಲೆನ್ಸ್ ಬಂತು. ಅವನೊಂದಿಗೆ ಹತ್ತಿದವಳು ಅವಳೊಬ್ಬಳೇ.

ಅವನು ಉಳಿದ. ಹತ್ತಿರದ ಕರ್ಜಗಿ ಊರಿನವನಂತೆ. ಎರಡು ತಿಂಗಳ ಮೇಲೆ ತಾಯಿಯನ್ನು ಕರೆದುಕೊಂಡು ಖಾಲಾನ ಮನೆಗೆ ಬಂದ. ಖಾಲಾ ಅವರಿಬ್ಬರನ್ನೂ ನೇರ ನಮ್ಮ ಮನೆಗೆ ಕರೆತಂದಳು. “ನಾ ಬರೇ ಉರಿ ಹಚ್ಚಿದೆ. ಫೋನ್ ಮಾಡಿ ಉಳಿಸಿದಾವ್ರು ಇವ್ರು,” ಎಂದಳು. ಅವನು ಬಗ್ಗಿ ನನ್ನ ಕಾಲು ಮುಟ್ಟಿದ. ನಾನು ಮುಟ್ಟಿಸಿಕೊಂಡೆ. ಚಹಾ ಕುಡಿಸಿ ಕಳಿಸಿದೆ.

ಆಮೇಲೆ ಎಷ್ಟೋ ಸಲ ನಿಜ ಹೇಳಬೇಕೆಂದುಕೊಂಡೆ... ಅವಳೊಬ್ಬಳಿಗಾದರೂ. ಇವತ್ತು, ನಾಳೆ ಎನ್ನುವುದರೊಳಗೆ ಖಾಲಾ ತೀರಿಕೊಂಡಳು. ಅದಕ್ಕೂ ಈಗ ಎರಡು ವರ್ಷ.

ನಿನ್ನೆ ಬಸ್ಸಿಳಿದು ಅವಳ ಮನೆ ಮುಂದೆಯೇ ಬಂದೆ. ಅಲ್ಲೇ ಇರುವ ಅವಳ ಮಗಳಿಗಾದರೂ ಹೇಳಿಬಿಡೋಣ ಎಂದು ನಿಂತೆ. ಮಗಳು ನನ್ನನ್ನು ಕಂಡವಳೇ ಮನೆಗೆ ಹೊಸದಾಗಿ ಬಂದ ತನ್ನ ಸೊಸೆಯನ್ನು ಹೊರಗೆ ಕರೆದಳು. “ನಾ ಹೇಳಿದ್ದೆನಲ್ಲ, ಇವ್ರ ನೋಡವಾ, ಅವತ್ತ ಫೋನ್ ಮಾಡಿ ಒಂದು ಜೀವಾ ಉಳಿಸಿದ ಮಾಸ್ತರ್ರು. ನಮ್ಮ ಅಮ್ಮಿ ಸಾಯೂತನಕ ಇವ್ರ ಹೆಸರು ಹೇಳತಿದ್ಲು.”

ಸೊಸೆ ತಲೆಯ ಮೇಲೆ ಸೆರಗು ಎಳೆದುಕೊಂಡು ಸಲಾಂ ಮಾಡಿದಳು. ನಾನೂ ಕೈ ಎತ್ತಿ ಸಲಾಂ ಮಾಡಿ, ಮನೆಗೆ ಬಂದೆ.