ಷಡ್ಡಕನ ಅರವತ್ತಮೂರು ಕೆಜಿ

ಹೆಂಡತಿಯ ಅಕ್ಕನ ಗಂಡನನ್ನು ಮನಸಾರೆ ಮೆಚ್ಚಿದವನು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಆ ಕೀರ್ತಿ ನನಗೂ ಬೇಕಿರಲಿಲ್ಲ.

ನನ್ನ ಷಡ್ಡಕ ಪಂಪ್ ಕಾರ್ಖಾನೆಯಲ್ಲಿ ಲೇತ್ ಆಪರೇಟರು. ನಾನು ಅಲ್ಲೇ ಪ್ಯಾಕಿಂಗ್. ಅವನು ನುಣುಪಾಗಿ ಕಡೆದದ್ದನ್ನು ನಾನು ರಟ್ಟಿನ ಡಬ್ಬಿಗೆ ತುಂಬುತ್ತೇನೆ. ಮನೆಯೂ ಒಂದೇ: ಮೇಲೆ ಅವರು, ಕೆಳಗೆ ನಾವು, ಇಬ್ಬರಿಗೂ ಸೇರಿದ ಅಡುಗೆಮನೆಯಲ್ಲಿ ಅತ್ತೆ. ಸಾಲದ್ದಕ್ಕೆ ಇಬ್ಬರೂ ಬಾಕ್ಸರುಗಳು, ಇಬ್ಬರದೂ ಅರವತ್ತಮೂರು ಕೆಜಿ ವಿಭಾಗ. ಕಾರ್ಖಾನೆಯ ತಂಡದಲ್ಲಿ ಒಂದು ತೂಕಕ್ಕೆ ಒಬ್ಬನೇ. ತಂಡಕ್ಕೆ ಸೇರಿದವನಿಗೆ ರಾತ್ರಿ ಪಾಳಿ ಇಲ್ಲ, ಮಧ್ಯಾಹ್ನ ಎರಡಕ್ಕೇ ಬಿಡುಗಡೆ. ಮೂರು ವರ್ಷದಿಂದ ಆ ಜಾಗ ಮೇಲಿನ ಮನೆಯಲ್ಲಿತ್ತು. ಈ ವರ್ಷದ ಆಯ್ಕೆಯಲ್ಲಿ ಅದನ್ನು ಕೆಳಗಿಳಿಸಲೇಬೇಕೆಂದು ನಾನು ಹಟ ತೊಟ್ಟಿದ್ದೆ.

ಅವನೇನು ಹುಟ್ಟಾ ಬಾಕ್ಸರನಲ್ಲ. ಇಪ್ಪತ್ತೆರಡನೇ ವಯಸ್ಸಿಗೆ ಎಂಬತ್ತು ಕೆಜಿ ಇದ್ದನಂತೆ. ಲೇತ್ ವಿಭಾಗದ ಹಳಬರು ಈಗಲೂ ‘ಮೂಟೆ’ ಎಂದೇ ಕರೆಯುತ್ತಾರೆ, ಅವನು ಓಗೊಡುತ್ತಾನೆ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದವನನ್ನು ನಮ್ಮ ಕೋಚು, ನಿವೃತ್ತ ಕ್ರೇನ್ ಚಾಲಕ, ಹಗ್ಗ ಜಿಗಿಯಲು ಹಚ್ಚಿದ. ತೂಕ ಇಳಿಯಲು ಮೂರು ವರ್ಷ ಹಿಡಿಯಿತು. ಷಡ್ಡಕ ಉಪವಾಸ ಮಾಡಲಿಲ್ಲ, ಅಳೆದು ತಿಂದ. ಐದಕ್ಕೆ ಓಟ, ಬಂದಮೇಲೆ ನಾಲ್ಕು ಬೇಯಿಸಿದ ಮೊಟ್ಟೆ, ಮಧ್ಯಾಹ್ನ ತಕ್ಕಡಿಯಲ್ಲಿ ತೂಗಿದ ಅನ್ನ, ಕಾಳು. ಒಂಬತ್ತಕ್ಕೆ ನಿದ್ದೆ. ಇಂಥ ಸಪ್ಪೆ ಬದುಕನ್ನು ಕಂಡು ಹೊಟ್ಟೆ ಉರಿದುಕೊಂಡವನು ನಾನೊಬ್ಬನೇ ಇರಬೇಕು.

“ಮೊಟ್ಟೆ ತಿಂದು ಅಂಥ ಭುಜ ಬರೋದಾದ್ರೆ ಕೋಳಿಗೂ ಬರ್ಬೇಕಿತ್ತು,” ಎಂದೆ ಹೆಂಡತಿಗೆ.

“ಕೋಳಿ ಐದಕ್ಕೇ ಏಳುತ್ತೆ. ನೀವು ಏಳ್ತೀರಾ?”

ಅತ್ತೆಯಂತೂ ನನ್ನ ತಟ್ಟೆಗೆ ಮೂರನೇ ಸಲ ಅನ್ನ ಬಡಿಸುತ್ತಲೇ, “ದೊಡ್ಡ ಅಳಿಯಂದಿರು ಊಟಕ್ಕೆ ಕೂತ್ರೆ ತಪಸ್ಸಿಗೆ ಕೂತ ಹಾಗೆ. ನೀವು ಕೂತ್ರೆ ಪಾತ್ರೆಗೇ ಭಯ,” ಎನ್ನುತ್ತಿದ್ದರು.

ಅವನು ಗುಟ್ಟಾಗಿ ಏನೋ ತೆಗೆದುಕೊಳ್ಳುತ್ತಾನೆ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡೆ. ಕಳ್ಳನ ಜೊತೆ ಸ್ಪರ್ಧಿಸಬೇಕಾದರೆ ಕಳ್ಳನಾಗಬೇಕಲ್ಲ. ಬಸ್ ನಿಲ್ದಾಣದ ಹಿಂದಿನ ಜಿಮ್ಮಿನವನ ಹತ್ತಿರ ಹೋಗಿ ವಾರಕ್ಕೊಂದು ಸೂಜಿ ಚುಚ್ಚಿಸಿಕೊಂಡೆ. ಎರಡು ತಿಂಗಳಲ್ಲಿ ಅಂಗಿಯ ತೋಳು ಬಿಗಿಯಾಯಿತು. ಬೆನ್ನ ತುಂಬ ಮೊಡವೆ, ಮುಖ ಊದಿದ ಪೂರಿ, ಮಾತಿಗೊಮ್ಮೆ ಸಿಟ್ಟು. ತೂಕದ ಯಂತ್ರ ಅರವತ್ತಾರು ತೋರಿಸಿತು. ಮೂರು ಕೆಜಿ ಇಳಿಸಲು ಪ್ಲಾಸ್ಟಿಕ್ ರೇನ್‌ಕೋಟು ತೊಟ್ಟು, ನೀರು ಬಿಟ್ಟು, ಸುಡುಬಿಸಿಲಲ್ಲಿ ಓಡಿದೆ.

ಅಭ್ಯಾಸದ ಪಂದ್ಯದಲ್ಲಿ ಮೊದಲ ಸುತ್ತಿಗೆ ಷಡ್ಡಕನನ್ನು ಹಗ್ಗಕ್ಕೆ ಒತ್ತಿದೆ. ಎರಡನೆಯದರಲ್ಲಿ ನನ್ನ ಕೈಗಳೇ ನನಗೆ ಭಾರವಾದವು. ಮೂರನೆಯದರಲ್ಲಿ ಅವನು ಹೊಡೆಯುವುದನ್ನು ಬಿಟ್ಟು ನಾನು ಬೀಳದಂತೆ ಹಿಡಿದುಕೊಂಡು ನಿಂತ.

“ಲಾರಿಗೆ ಮೊಪೆಡ್ ಇಂಜಿನ್ ಕೂರ್ಸಿದ್ಯಲ್ಲೋ,” ಎಂದ ಕೋಚು.

ಅಂದೇ ಎಡಗೈಯಲ್ಲಿ ಒಂದು ಚೀಟಿ ಬರೆದು ಕೋಚಿನ ಶೂ ಒಳಗೆ ತುರುಕಿದೆ: ‘ಅರವತ್ತಮೂರು ಕೆಜಿಯವನು ಸೂಜಿ ಚುಚ್ಚಿಸಿಕೊಳ್ಳುತ್ತಾನೆ. ಪರೀಕ್ಷೆ ಮಾಡಿಸಿ.’ ಅವನ ಹೆಸರು ಬರೆದರೆ ಮನೆಯವರೇ ಬರೆದದ್ದೆಂದು ಗೊತ್ತಾಗುತ್ತದಲ್ಲ ಎಂಬ ಜಾಣತನದಿಂದ ಹೆಸರು ಬಿಟ್ಟಿದ್ದೆ. ಆ ತೂಕದಲ್ಲಿ ನಾವಿಬ್ಬರಿದ್ದೇವೆ ಎಂಬುದು, ಆಯ್ಕೆಯ ಹಿಂದಿನ ದಿನ ಕೋಚು ಎರಡು ಬಾಟಲಿ ಹಿಡಿದು ಬಂದಾಗ ಹೊಳೆಯಿತು.

ಷಡ್ಡಕ ಹೋಗಿ ಎರಡೇ ನಿಮಿಷದಲ್ಲಿ ತುಂಬಿಸಿಕೊಂಡು ಬಂದ. ನಾನು ಶೌಚಾಲಯದೊಳಗೆ ಕಾಲು ಗಂಟೆ ನಿಂತೇ ಇದ್ದೆ.

“ತಮ್ಮಾ,” ಎಂದು ಅವನು ಹೊರಗಿನಿಂದ ಬಾಗಿಲು ತಟ್ಟಿದ. “ನಲ್ಲಿ ಬಿಟ್ಕೊ, ಸದ್ದು ಕೇಳಿದ್ರೆ ಬರುತ್ತೆ.”

ಖಾಲಿ ಬಾಟಲಿ ಹಿಡಿದು ಹೊರಬಂದೆ. “ಬೇಡ ಸಾರ್. ನಾನೇ.”

“ಯಾವ ನೀನು?” ಕೋಚು ಜೇಬಿನಿಂದ ಚೀಟಿ ತೆಗೆದ. “ಚುಚ್ಚಿಸ್ಕೊಂಡೋನೋ, ಬರೆದೋನೋ?”

“ಎರಡೂ.”

ಷಡ್ಡಕ ಚೀಟಿ ಇಸಿದುಕೊಂಡು ಓದಿದ, ಮಡಿಸಿ ವಾಪಸು ಕೊಟ್ಟ. “ಅಕ್ಷರ ಇಷ್ಟು ಕೆಟ್ಟದಾಗಿದೆ ಅಂತ ಗೊತ್ತಿರ್ಲಿಲ್ಲ,” ಎಂದ. “ಎಡಗೈ ಅಣ್ಣಾ,” ಎಂದೆ. ಕೋಚು ನನ್ನನ್ನು ಎರಡು ವರ್ಷ ಹೊರಗಿಟ್ಟ. ಅರವತ್ತಮೂರು ಕೆಜಿ ಮತ್ತೆ ಮೇಲಿನ ಮನೆಗೇ ಹೋಯಿತು.

ಆಯ್ಕೆಯ ದಿನ ಸಂಜೆ ಅತ್ತೆ, “ಚಿಕ್ಕ ಅಳಿಯಂದಿರು ಯಾಕೆ ಆಡ್ಲಿಲ್ವಂತೆ?” ಎಂದು ಕೇಳಿದರು. ಷಡ್ಡಕ ತಕ್ಕಡಿಯಿಂದ ಕಣ್ಣೆತ್ತದೆ, “ಮಣಿಕಟ್ಟು ಉಳುಕಿದೆ ಅತ್ತೆ, ಬಲಗೈದು. ನೋವು ಇದ್ರೂ ಹೇಳ್ಕೊಳ್ಳೋ ಜಾತಿ ಅಲ್ಲ ಅವನು,” ಎಂದ.

ಅತ್ತೆ ಓಡಿಬಂದು ಮಣಿಕಟ್ಟಿಗೆ ಬಿಸಿ ಎಣ್ಣೆ ತಿಕ್ಕಿ ಬಟ್ಟೆ ಸುತ್ತಿ, “ಎಷ್ಟು ತಾಳ್ಮೆ ನಮ್ಮ ಚಿಕ್ಕ ಅಳಿಯಂದಿರಿಗೆ,” ಎಂದರು. ನನ್ನನ್ನು ಅವರು ಹೊಗಳಿದ್ದು ಅದೇ ಮೊದಲು. ನಾನು ಮುಲುಗುತ್ತ ಕೂತೆ. ನನ್ನ ಹೊಟ್ಟೆ ಮಾತ್ರ ಹಿಂದೆಂದಿಗಿಂತ ಜೋರಾಗಿ ಉರಿಯುತ್ತಿತ್ತು: ಸುಳ್ಳು ಹೇಳುವುದರಲ್ಲೂ ಈ ಮನುಷ್ಯ ನನಗಿಂತ ಮುಂದೆ.