ಲಿಗೋರಿ ಅಂಕಲ್ಲರ ಮೂವತ್ತು ಗಂಟೆ

ನೈರೋಬಿಯ ಪಂಗಾನಿ ಸ್ಟಾಪಿನಲ್ಲಿ ಮಟಾಟು ವ್ಯಾನು ಹಾರ್ನ್ ಹೊಡೆದರೆ ನಾವೆಲ್ಲ ಕಿವಿ ಮುಚ್ಚಿಕೊಳ್ಳುತ್ತಿದ್ದೆವು. ಲಿಗೋರಿ ಅಂಕಲ್ ಮಾತ್ರ ತಲೆ ವಾಲಿಸಿ ಕೇಳುತ್ತಿದ್ದರು. "ಇವನದ್ದು ಅರ್ಧ ಸ್ವರ ಇಳಿದಿದೆ. ಮೊನ್ನೆ ಸರಿ ಇತ್ತು," ಎಂದು ಡ್ರೈವರನ ಕಡೆ ಕನಿಕರದಿಂದ ನೋಡುವರು. ಅವನು ಇನ್ನೂ ಜೋರಾಗಿ ಹೊಡೆಯುತ್ತಿದ್ದ.

ಪಿಯಾನೊ ಶ್ರುತಿ ಮಾಡುವುದು ಅವರ ಕಸುಬು. ಮಂಗಳೂರು ಕಡೆಯ ಕ್ಯಾಥೊಲಿಕ್ ಮನೆತನ. ಹೆಂಡತಿ ತೀರಿಕೊಂಡಿದ್ದರು, ಒಬ್ಬಳೇ ಮಗಳು ಲವೀನಾ. ನಾನು ಮೈಸೂರಿನಿಂದ ಔಷಧಿ ಕಾರ್ಖಾನೆಯ ಕೆಲಸಕ್ಕೆ ಬಂದು ಅವರ ಮೇಲಿನ ಮನೆಯಲ್ಲಿದ್ದೆ. ಅವರಿಗೆ ಕನ್ನಡ ಮಾತಾಡಲು ಜನ ಸಿಕ್ಕಿತು, ನನಗೆ ಭಾನುವಾರದ ಊಟ ಸಿಕ್ಕಿತು. ಲಾಭ ನನಗೇ ಹೆಚ್ಚು.

ಮಳೆ ಶುರುವಾದರೆ ಸಿರಿವಂತ ವಿದೇಶಿಯರ ಬಡಾವಣೆಯಾದ ರುಂಡಾದ ಬಂಗಲೆಗಳ ಪಿಯಾನೊಗಳೆಲ್ಲ ಒಟ್ಟಿಗೆ ಅಪಸ್ವರ ಎತ್ತುತ್ತಿದ್ದವು. ಆಗ ಅಂಕಲ್‌ಗೆ ಉಸಿರಾಡಲು ಬಿಡುವಿಲ್ಲ. ರಜೆ ಬಂದು ಬಂಗಲೆಯವರು ತಮ್ಮ ತಮ್ಮ ದೇಶಕ್ಕೆ ಹಾರಿದರೆ ವಾರವಿಡೀ ಬಾಲ್ಕನಿಯಲ್ಲಿ ನೊಣ ಹೊಡೆಯುವುದು.

ಲವೀನಾ ನರ್ಸಿಂಗ್ ಓದುತ್ತಿದ್ದ ಕಾಲೇಜಿನಲ್ಲಿ ಸ್ವಂತ ಕಸುಬಿನವರ ಮಕ್ಕಳಿಗೆ ಅರ್ಧ ಫೀಸು ಮಾಫಿ ಇತ್ತು. ಷರತ್ತು ಏನೆಂದರೆ, ತಂದೆ ಅಥವಾ ತಾಯಿ ವಾರಕ್ಕೆ ಸರಾಸರಿ ಮೂವತ್ತು ಗಂಟೆ ದುಡಿದಿರಬೇಕು, ಮೂರು ತಿಂಗಳ ಗಂಟೆಗಳನ್ನು ಬರೆದು ತೋರಿಸಬೇಕು, ಮುಂದೆ ಗಂಟೆ ಇಳಿದರೆ ತಾವಾಗಿಯೇ ಬಂದು ತಿಳಿಸಬೇಕು. ಮಾಫಿ ಸಿಗದಿದ್ದರೆ ಅವಳು ಓದು ಬಿಡಬೇಕಿತ್ತು. ಫಾರ್ಮು ತುಂಬುವ ಕೆಲಸ ನನ್ನ ತಲೆಗೆ ಬಂತು.

ಅಂಕಲ್ಲರ ನೋಟ್‌ಬುಕ್ ನೋಡಿ ತಲೆ ಕೆಟ್ಟಿತು. 'ರುಂಡಾ, ಮೂರು ಗಂಟೆ. ಟೀ, ಕೇಕು: ಹದಿನೈದು ನಿಮಿಷ ಕಳೆದಿದೆ. ನನ್ನ ಖುಷಿಗೆ ನುಡಿಸಿದ್ದು: ಇಪ್ಪತ್ತು ನಿಮಿಷ ಕಳೆದಿದೆ.' ಪುಟ ಪುಟಕ್ಕೂ ಇದೇ ಕಥೆ. ಸರಾಸರಿ ಇಪ್ಪತ್ತಾರಕ್ಕೆ ಬಂದು ನಿಂತಿತು.

"ನುಡಿಸಿ ನೋಡದೆ ಸರಿಯಾಗಿದೆಯೋ ಇಲ್ವೋ ಹೇಗೆ ಗೊತ್ತಾಗುತ್ತೆ ಅಂಕಲ್? ಅದೂ ಕೆಲಸಾನೇ."

"ಸರಿಯಾದದ್ದು ನನಗೆ ಮೊದಲೇ ಗೊತ್ತುಂಟು ಮಾರಾಯ್ರೆ. ಮತ್ತೆ ನುಡಿಸುವುದು ಆಸೆಗೆ. ಆಸೆಗೆಲ್ಲ ಎಂತ ಗಂಟೆ ಬರೆಯುವುದು?"

"ಡ್ಯಾಡಿ, ಪ್ಲೀಸ್! ಜಸ್ಟ್ ರೈಟ್ ಥರ್ಟಿ," ಎಂದಳು ಲವೀನಾ ಅಡುಗೆಮನೆಯಿಂದ. ಅಂಕಲ್ ಕೇಳಿಸದವರ ಹಾಗೆ ಪೆನ್ಸಿಲ್ ಕೆತ್ತಿದರು.

ಇಪ್ಪತ್ತಾರನ್ನೇ ಹಿಡಿದುಕೊಂಡು ಊರ ನಡುವಿನ ಸಿಬಿಡಿಯಲ್ಲಿದ್ದ ಕಾಲೇಜಿನ ಕಚೇರಿಗೆ ಹೋದೆವು. ಅಲ್ಲಿನ ಮೇಡಂ ನೋಟ್‌ಬುಕ್ಕನ್ನು ಕಥೆಪುಸ್ತಕದ ಹಾಗೆ ಓದಿದರು, ಕೇಕಿನ ಹತ್ತಿರ ನಕ್ಕರು. ಆಮೇಲೆ, ಗೇಟಿನ ಹೊರಗೆ ಕಾದದ್ದನ್ನು ಯಾಕೆ ಬರೆದಿಲ್ಲ ಎಂದು ಕೇಳಿದರು. ರುಂಡಾದಲ್ಲಿ ಕಾವಲುಗಾರ ಒಳಗೆ ಫೋನ್ ಮಾಡಿ, ಯಜಮಾನಿ ಅದನ್ನೆತ್ತಿ, ಗೇಟು ತೆರೆಯುವಷ್ಟರಲ್ಲಿ ಅರ್ಧ ಗಂಟೆ ಸಲೀಸಾಗಿ ಹೋಗುತ್ತಿತ್ತು. ಅಂಕಲ್ ನನ್ನ ಕಡೆ ತಿರುಗಿ, "ಸುಮ್ಮನೆ ನಿಂತದ್ದಕ್ಕೂ ಗಂಟೆ ಉಂಟಾ?" ಎಂದರು. ನಿಯಮದಲ್ಲಿ ಉಂಟಂತೆ. ಯಾವ ಗೇಟಿನಲ್ಲಿ ಎಷ್ಟು ನಿಂತೆ ಎಂಬುದು ಅವರಿಗೆ ಬಾಯಿಪಾಠ. ಮೂವತ್ತೊಂದಾಯಿತು! ಮೆಟ್ಟಿಲಿಳಿಯುತ್ತ ಎದುರು ಬಂದವರಿಗೆಲ್ಲ "ಅಸಾಂಟೆ, ಅಸಾಂಟೆ" ಎನ್ನುತ್ತಿದ್ದರು. ಲಿಫ್ಟಿಗೆ ಕಾಯುತ್ತಿದ್ದ ಅಪರಿಚಿತನೊಬ್ಬನಿಗೂ ಒಂದು ಧನ್ಯವಾದ ಸಂದಿತು.

ಮರುವರ್ಷ ಅವರ ಕಿವಿ ಕೈಕೊಟ್ಟಿತು. ಪಿಯಾನೊದ ಬಲತುದಿಯ ಸಣ್ಣ ಸ್ವರಗಳು ಕೇಳಿಸುತ್ತಿರಲಿಲ್ಲ. ಬಂಗಲೆಯವರಿಗೆ ಇದರ ಸುಳಿವೂ ಇರಲಿಲ್ಲ, ಆದರೂ ಅಂಕಲ್ ತಾವಾಗಿಯೇ ಒಂದೊಂದಾಗಿ ಆ ಮನೆಗಳ ಕೆಲಸ ಬಿಟ್ಟರು. ವಾರಕ್ಕೆ ಹತ್ತು ಗಂಟೆ ಕೆಲಸ ಉಳಿಯಿತು. ಲವೀನಾಗೆ ಇನ್ನೂ ಒಂದು ವರ್ಷದ ಓದು ಬಾಕಿ. ಒಂದು ಸೋಮವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನನ್ನ ಬಾಗಿಲಿಗೆ ಬಂದು, "ಗಂಟೆ ಕಮ್ಮಿ ಆಯ್ತು ಅಂತ ಆಫೀಸಿಗೆ ಹೇಳಿ ಬಂದೆ," ಎಂದರು. ಮುಂದಿನ ವರ್ಷಕ್ಕೆ ಮಾಫಿ ಇಲ್ಲ ಎಂದಾಗಿತ್ತು.

"ನಿಮ್ಮನ್ನ ಯಾರಾದ್ರೂ ಕೇಳಿದ್ರಾ?"

"ಕೇಳದಿದ್ದರೆ ಗಂಟೆ ಜಾಸ್ತಿ ಆಗ್ತದಾ?"

ಸಿಟ್ಟು ನೆತ್ತಿಗೇರಿತು. "ನಿಮ್ಮಂಥ ದಡ್ಡರನ್ನ ನಾನು ನೋಡೇ ಇಲ್ಲ. ನಿಮ್ಮ ಹಟಕ್ಕೆ ಆ ಹುಡುಗಿ ಓದು ಹಾಳು ಮಾಡ್ತಿದೀರ," ಎಂದು ಕೂಗಾಡಿಬಿಟ್ಟೆ. ಅವರಿಗಿಂತ ಮೂವತ್ತು ವರ್ಷ ಚಿಕ್ಕವನು ನಾನು. ಅವರು ಕೆಳಗಿಳಿದು ಹೋದರು. ಎರಡು ಭಾನುವಾರ ನಾನು ಊಟಕ್ಕೆ ಹೋಗಲಿಲ್ಲ.

ಮೂರನೆಯ ಭಾನುವಾರ ಲವೀನಾ ಕರೆಯಲು ಬಂದಾಗ ಸುದ್ದಿ ಗೊತ್ತಾಯಿತು. ಯಾರ ಕೈಕೆಳಗೂ ದುಡಿಯದ ಮನುಷ್ಯ ಸಿಬಿಡಿಯ ಒಂದು ಸಂಗೀತದ ಅಂಗಡಿಗೆ ಸೇರಿಕೊಂಡಿದ್ದರು. ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಟೈ ಕಟ್ಟಿಕೊಂಡು ಎಲೆಕ್ಟ್ರಿಕ್ ಕೀಬೋರ್ಡು ಮಾರುವುದು. ಆ ಸಂಬಳದಲ್ಲೇ ಅವಳ ಓದು ಮುಗಿಯಿತು. ಊಟ ಮತ್ತೆ ಶುರುವಾಯಿತಾದರೂ ಆ ದಿನದ ಮಾತನ್ನು ಇಬ್ಬರೂ ಎತ್ತಲಿಲ್ಲ.

ಈಗ ಅವರಿಲ್ಲ. ಕೊನೆಯ ಸಲ ನೋಡಿದ್ದು ಆ ಅಂಗಡಿಯಲ್ಲೇ, ನಾನು ನೈರೋಬಿ ಬಿಡುವ ದಿನ. ಟ್ಯಾಕ್ಸಿ ಕೆಳಗೆ ನಿಲ್ಲಿಸಿ ಕ್ಷಮೆ ಕೇಳಲೆಂದೇ ಹೋಗಿದ್ದೆ. "ಇದಕ್ಕೆ ಶ್ರುತಿಯೇ ತಪ್ಪುವುದಿಲ್ಲ ಮಾರಾಯ್ರೆ, ಎಂತ ಬೋರು!" ಎಂದು ಕೀಬೋರ್ಡ್ ತಟ್ಟಿ ನಕ್ಕರು. ನಾನು ಧೈರ್ಯ ಮಾಡಿ, "ಅಂಕಲ್, ಅವತ್ತು ನಾನು ದಡ್ಡ ಅಂದದ್ದು..." ಎಂದು ತಡವರಿಸಿದೆ.

"ಹೆಂಡತಿ ಹೋದ ಮೇಲೆ ಲವೀನಾನ ಪರವಾಗಿ ನನ್ನಲ್ಲಿ ಜಗಳ ಮಾಡ್ಲಿಕ್ಕೆ ಯಾರೂ ಇರಲಿಲ್ಲ," ಎಂದರು. "ಅವತ್ತು ನೀವು ಬೈದಿರಿ. ನನಗೆ ಸಮಾಧಾನ ಆಯ್ತು."

ಗಿರಾಕಿ ಬಂದ, ಅಂಕಲ್ ಟೈ ಸರಿಮಾಡಿಕೊಂಡು ಅವನ ಕಡೆ ಹೋದರು. ಏರ್‌ಪೋರ್ಟ್ ಬರುವವರೆಗೂ ನಾನು ಟ್ಯಾಕ್ಸಿಯಲ್ಲಿ ಅಳುತ್ತಿದ್ದೆ.